ಕಾಲುವೆಯ ಕೊನೆಯಲ್ಲಿ ಹೊಲ ಇದ್ದರೆ: ನೀರು ಎಣಿಸಿ ಬೆಳೆ ಹಾಕುವುದು ಹೇಗೆ

ಹೊಲಗಾಲುವೆಯಲ್ಲಿ ನೀರು ಕಂಡ ತಕ್ಷಣ ಭತ್ತಕ್ಕೆ ಕೈ ಹಾಕುವುದು ನಮ್ಮ ಕಡೆ ರೂಢಿ. ಪಕ್ಕದವರು ಹಾಕಿದರು, ನಾವೂ ಹಾಕಿದೆವು, ಅಷ್ಟೇ. 2023ರಲ್ಲಿ ಮಳೆ ಕೈಕೊಟ್ಟಿತು. ಡ್ಯಾಂ ಪೂರ್ತಿ ತುಂಬಲಿಲ್ಲ. ಆದರೂ ಆಗಸ್ಟ್‌ನಲ್ಲಿ ನೀರು ಬಂತಲ್ಲ ಅಂತ ನಾವು ನಾಲ್ಕು ಎಕರೆ ನಾಟಿ ಮಾಡಿದೆವು. ಸರಿಯಾಗಿ ಹೊಡೆ ಬಿಚ್ಚುವ ಹೊತ್ತಿಗೆ ಹದಿನೆಂಟು ದಿನ ನೀರಿಲ್ಲ. ಎರೆ ಮಣ್ಣು ಬಿರಿದು, ಬಿರುಕಿನೊಳಗೆ ಅಂಗೈ ಇಳಿಯುತ್ತಿತ್ತು. ತೆನೆ ಹೊರಗೆ ಬಂತು, ಆದರೆ ಬಾಗಲೇ ಇಲ್ಲ, ನೆಟ್ಟಗೆ ನಿಂತಿತ್ತು. ಬೆರಳಲ್ಲಿ ಹಿಸುಕಿದರೆ ಬರೀ ಜೊಳ್ಳು.

ಆ ವರ್ಷದ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಅದಾದ ಮೇಲೆ ನಾವು ಮಾಡಿಕೊಂಡ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಮುಖ್ಯವಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವರಿಗೆ, ಅಂದರೆ ಮಾನ್ವಿ, ಸಿರವಾರ, ರಾಯಚೂರು ಕಡೆಯವರಿಗೆ. ಬೇರೆ ಕಾಲುವೆಯ ಕೊನೆಯಲ್ಲಿ ಇರುವವರಿಗೂ ಲೆಕ್ಕದ ದಾರಿ ಇದೇ, ಅಂಕಿ ಮಾತ್ರ ಬದಲಾಗುತ್ತದೆ.

ಮೊದಲು ಈ ಒಂದು ಲೆಕ್ಕ ತಲೆಯಲ್ಲಿ ಇರಲಿ

ಒಂದು ಕ್ಯುಸೆಕ್ ನೀರು, ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಒಂದು ಗಂಟೆ ಹರಿದರೆ ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲುತ್ತದೆ. ಕೂದಲೆಳೆಯ ವ್ಯತ್ಯಾಸ ಇದೆ, ನಮ್ಮ ಕೆಲಸಕ್ಕೆ ಅದು ಬೇಡ. ಇಷ್ಟು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು ಅಂಕಿ: 11,574 ಕ್ಯುಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ.

ಈಗ ಎಡದಂಡೆ ಕಾಲುವೆ ನೋಡಿ. ತುಂಬಿ ಹರಿಯುವಾಗ ಕಾಲುವೆಯ ತಲೆಯಲ್ಲಿ, ಅಂದರೆ ಡ್ಯಾಂ ಬಳಿ, 4,000 ಕ್ಯುಸೆಕ್ ಆಸುಪಾಸು ನೀರು. ಅದು ಉಣಿಸಬೇಕಾದ ಹೊಲ ಸುಮಾರು 6 ಲಕ್ಷ ಎಕರೆ. ಭಾಗಿಸಿದರೆ 150 ಎಕರೆಗೆ ಒಂದು ಕ್ಯುಸೆಕ್. ದಿನಕ್ಕೆ 24 ಗಂಟೆ, ಅಂದರೆ 24 ಇಂಚು, ಅದನ್ನು 150 ಎಕರೆಗೆ ಹಂಚಿದರೆ ಎಕರೆಗೆ ದಿನಕ್ಕೆ 4 ಮಿಲಿಮೀಟರ್. ಅದೂ ದಾರಿಯಲ್ಲಿ ಒಂದು ಹನಿಯೂ ಸೋರದಿದ್ದರೆ. 227 ಕಿಲೋಮೀಟರ್ ಮುಖ್ಯ ಕಾಲುವೆ, ಅದರ ಮೇಲೆ ಉಪಕಾಲುವೆ, ಲ್ಯಾಟರಲ್, ಹೊಲಗಾಲುವೆ. ಸೋರದೆ ಇರುತ್ತದಾ? ಮೂರು ಮಿಲಿಮೀಟರ್ ಹೊಲಕ್ಕೆ ಸೇರಿದರೆ ಪುಣ್ಯ.

ಭತ್ತದ ಮಡಿಗೆ ದಿನಕ್ಕೆ ಎಂಟೊಂಬತ್ತು ಮಿಲಿಮೀಟರ್ ಬೇಕು. ಬಿಸಿಲಿಗೆ ಹೋಗುವುದು, ಗಿಡ ಕುಡಿಯುವುದು, ಕೆಳಗೆ ಇಂಗುವುದು ಎಲ್ಲ ಸೇರಿ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲರೂ ಭತ್ತ ಹಾಕಿದರೆ ನೀರು ಸಾಲುವುದಿಲ್ಲ ಅನ್ನುವುದು ಯಾರದೋ ತಪ್ಪಿನಿಂದ ಆಗುವ ಮಾತಲ್ಲ, ಕಾಲುವೆಯ ಅಳತೆಯಲ್ಲೇ ಇರುವ ಮಾತು. ಈ ಕಾಲುವೆ ಕಟ್ಟಿದ್ದೇ ಬರದ ನಾಡಿನಲ್ಲಿ ಜೋಳ, ಶೇಂಗಾ, ಹತ್ತಿಯಂಥ ಅರೆ ನೀರಾವರಿ ಬೆಳೆಗೆ ಆಸರೆಯಾಗಲಿ ಅಂತ. ಭತ್ತಕ್ಕೆ ಗುರುತಿಸಿದ್ದು ಸ್ವಲ್ಪ ಜಾಗ ಮಾತ್ರ. ಮೇಲ್ಭಾಗದಲ್ಲಿ ವರ್ಷಕ್ಕೆ ಎರಡು ಭತ್ತ ರೂಢಿಗೆ ಬಂದ ಮೇಲೆ ಕೊನೆಯವರ ಪಾಲು ಕರಗಿತು. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. ಆದರೂ ಮೇಲಿನವರ ಮೇಲಿನ ಸಿಟ್ಟಿಗೆ ನಮ್ಮ ಹೊಲದಲ್ಲಿ ಭತ್ತ ಹಾಕಿದರೆ ಸೋಲುವುದು ನಾವೇ ಅಲ್ವಾ?

ಡ್ಯಾಂ ಸುದ್ದಿ ಓದುವ ಬಗೆ

"ಡ್ಯಾಂ ತುಂಬಿತು" ಅನ್ನುವ ಸುದ್ದಿಗೆ ಬೆಳೆ ತೀರ್ಮಾನ ಮಾಡಬೇಡಿ. ಪೂರ್ತಿ ಮಟ್ಟ 1,633 ಅಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ ಈಗ ಹೂಳು ತುಂಬಿ ಹಿಡಿಯುವುದು 105.78 ಟಿಎಂಸಿ. ಹೋದದ್ದು 27 ಟಿಎಂಸಿ. ಎಡದಂಡೆಗೆ 4,000 ಕ್ಯುಸೆಕ್ ಬಿಟ್ಟರೆ ಒಂದು ಟಿಎಂಸಿ ಮೂರು ದಿನಕ್ಕೂ ಬರುವುದಿಲ್ಲ. ಹಾಗಾಗಿ ನೂರು ದಿನದ ಬೇಸಿಗೆ ಬೆಳೆಗೆ ಎಡದಂಡೆ ಒಂದಕ್ಕೇ ಸುಮಾರು 35 ಟಿಎಂಸಿ ಬೇಕು. ಹೂಳು ನುಂಗಿದ 27 ಟಿಎಂಸಿ ಅಂದರೆ ಅದರಲ್ಲಿ ಹತ್ತಿರ ಹತ್ತಿರ 80 ದಿನದ ನೀರು.

ಉಳಿದದ್ದೂ ನಮಗೊಬ್ಬರಿಗೇ ಅಲ್ಲ. ಆಂಧ್ರ, ತೆಲಂಗಾಣದ ಪಾಲು ಇದೆ. ನಮ್ಮ ರಾಜ್ಯದ ಪಾಲಿನಲ್ಲಿ ಬಲದಂಡೆ ಇದೆ, ವಿಜಯನಗರದ ಕಾಲದ ಕಾಲುವೆಗಳಿವೆ, ಊರುಗಳ ಕುಡಿಯುವ ನೀರಿದೆ, ಬಿಸಿಲಿಗೆ ಆವಿಯಾಗುವುದಿದೆ. ಹಂಚಿಕೆಯನ್ನು ತುಂಗಭದ್ರಾ ಮಂಡಳಿ ಆ ವರ್ಷ ಎಷ್ಟು ನೀರು ಬರಬಹುದು ಅನ್ನುವ ಅಂದಾಜಿನ ಮೇಲೆ ಮಾಡುತ್ತದೆ. ಆಮೇಲೆ ನೀರಾವರಿ ಸಲಹಾ ಸಮಿತಿ, ಅಂದರೆ ನಾವೆಲ್ಲ ಐಸಿಸಿ ಅನ್ನುತ್ತೇವಲ್ಲ, ಅದು ಯಾವ ಕಾಲುವೆಗೆ ಎಷ್ಟು, ಯಾವ ದಿನಾಂಕದವರೆಗೆ ಅಂತ ತೀರ್ಮಾನ ಮಾಡುತ್ತದೆ.

ಆ ತೀರ್ಮಾನದ ಪ್ರಕಟಣೆಯನ್ನು ಪೂರ್ತಿ ಓದಿ. ದಿನಾಂಕದ ಮುಂದೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಅಥವಾ ನೀರು ಲಭ್ಯ ಇರುವವರೆಗೆ, ಯಾವುದು ಮೊದಲೋ ಅದು. ಈ ಸಾಲಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿಡಿ. ಮೇಲ್ಭಾಗದವರಿಗೆ ಅದು ಬರೀ ಮಾತು, ಕೊನೆ ಭಾಗದವರಿಗೆ ಅದೇ ನಿಜವಾದ ದಿನಾಂಕ. ನಾನು ಪ್ರಕಟಣೆಯ ದಿನಾಂಕದಿಂದ ಹದಿನೈದು ದಿನ ಕಳೆದೇ ಲೆಕ್ಕ ಹಾಕುತ್ತೇನೆ. ನೀರು ಬಿಟ್ಟ ದಿನಕ್ಕೂ ಹಾಗೇ. ಮುನಿರಾಬಾದಿನಲ್ಲಿ ಗೇಟ್ ಎತ್ತಿದ ನೀರು ನಮ್ಮ ತೂಬಿಗೆ ಬರಲು ವಾರದ ಮೇಲೆ ಹಿಡಿದದ್ದೂ ಇದೆ.

ಇನ್ನೊಂದು: ಡ್ಯಾಂನಿಂದ ಎಷ್ಟು ಬಿಟ್ಟರು ಅನ್ನುವುದಕ್ಕಿಂತ ಕಾಲುವೆಯ ಮೈಲ್ 69, ಮೈಲ್ 104ರಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅನ್ನುವುದು ನಮಗೆ ಮುಖ್ಯ. ತಲೆಯಲ್ಲಿ ತುಂಬಿ ಹರಿದರೂ ಮೈಲ್ 69ರಲ್ಲಿ ಗೇಜ್ ಬಿದ್ದಿದ್ದರೆ ನಡುವೆ ಎಲ್ಲೋ ನೀರು ಹೋಗುತ್ತಿದೆ ಅಂತ ಅರ್ಥ. ಗೇಜ್ ಅಂಕಿಯನ್ನು ದಿನಾ ಒಂದೇ ಹೊತ್ತಿಗೆ ಬರೆದಿಡಿ. ಸೆಕ್ಷನ್ ಆಫೀಸಿಗೆ ಹೋಗಿ "ನೀರು ಬರ್ತಿಲ್ಲ ಸಾರ್" ಅಂದರೆ "ಬರುತ್ತೆ ಹೋಗ್ರಿ" ಅನ್ನುತ್ತಾರೆ. ಹನ್ನೆರಡು ದಿನದ ಗೇಜ್ ಬರೆದ ಹಾಳೆ ಮುಂದಿಟ್ಟರೆ ಮಾತಿನ ಧಾಟಿಯೇ ಬೇರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಡ್ಯಾಂ ತುಂಬಿದ್ದರೂ ಕೈಕೊಡಬಹುದು ಅನ್ನುವುದು ನಮಗೆಲ್ಲ 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. 33 ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿದರು, ಆಮೇಲೆ ಮಳೆ ಬಂದು ಮತ್ತೆ ತುಂಬಿತು, ನಮ್ಮ ಅದೃಷ್ಟ. ಮಾರನೇ ವರ್ಷ, 2025ರಲ್ಲಿ, ಗೇಟ್‌ಗಳು ಹಳೆಯವು ಅಂತ 80 ಟಿಎಂಸಿಗೆ ಮಾತ್ರ ನೀರು ನಿಲ್ಲಿಸಿದರು. ಹೊಸ ಗೇಟ್ ಕೂರಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತಲೂ ತೀರ್ಮಾನವಾಯಿತು. ಒಳ್ಳೆ ಮಳೆಯ ವರ್ಷದಲ್ಲಿ ಹೀಗಾಯಿತು. ಆದ್ದರಿಂದ ಎರಡನೇ ಬೆಳೆಯ ದುಡ್ಡನ್ನು ನಂಬಿ ಮೊದಲ ಬೆಳೆಗೆ ಸಾಲ ಮಾಡಬೇಡಿ.

ನಿಮ್ಮ ಹೊಲಗಾಲುವೆಯ ನೀರು ಅಳೆಯುವುದು

ಇದಕ್ಕೆ ಬೇಕಾಗುವುದು ಒಂದು ಟೇಪು, ಮೊಬೈಲ್ ಗಡಿಯಾರ, ಒಣಗಿದ ಜೋಳದ ದಂಟಿನ ಗೇಣುದ್ದದ ತುಂಡು.

ಹೊಲಗಾಲುವೆ ನೇರವಾಗಿ, ಒಂದೇ ಅಗಲವಾಗಿ ಇರುವ ಕಡೆ 30 ಅಡಿ ಅಳೆದು ಎರಡೂ ತುದಿಗೆ ಕಡ್ಡಿ ನೆಡಿ. ಕಸ, ಹುಲ್ಲು ತೆಗೆಯಿರಿ. ದಂಟಿನ ತುಂಡನ್ನು ಮೇಲಿನ ಕಡ್ಡಿಗಿಂತ ಸ್ವಲ್ಪ ಮೇಲೆಯೇ ನೀರಿನ ನಡುವೆ ಬಿಡಿ. ಮೊದಲ ಕಡ್ಡಿ ದಾಟಿದಾಗ ಎಣಿಕೆ ಶುರು, ಎರಡನೆಯದು ದಾಟಿದಾಗ ನಿಲ್ಲಿಸಿ. ಐದು ಸಲ ಮಾಡಿ. ದಂಡೆಗೆ ತಗುಲಿ ನಿಂತದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಮೇಲೆ ನೀರಿನ ಅಗಲ ಮತ್ತು ಆಳ ಅಳೆಯಿರಿ, ಆಳವನ್ನು ಮೂರು ಕಡೆ.

ನಮ್ಮ ಹೊಲದ ಲೆಕ್ಕವನ್ನೇ ಹೇಳುತ್ತೇನೆ. ಅಗಲ 2 ಅಡಿ, ಆಳ ಅರ್ಧ ಅಡಿ, ಗುಣಿಸಿದರೆ 1 ಚದರ ಅಡಿ. ದಂಟು 30 ಅಡಿ ಹೋಗಲು 24 ಸೆಕೆಂಡ್, ಅಂದರೆ ಸೆಕೆಂಡಿಗೆ ಒಂದೂಕಾಲು ಅಡಿ. ನೀರಿನ ಮೇಲ್ಭಾಗ ಜೋರಾಗಿ ಓಡುತ್ತದೆ, ತಳ ನಿಧಾನ. ಅದಕ್ಕೇ ಹತ್ತರಲ್ಲಿ ಎಂಟು ಪಾಲು ಮಾತ್ರ ಹಿಡಿಯಬೇಕು. ಸೆಕೆಂಡಿಗೆ 1 ಅಡಿ ಆಯಿತು. ಒಂದು ಚದರ ಅಡಿಗೆ ಒಂದು ಅಡಿ ವೇಗ, ಒಂದು ಕ್ಯುಸೆಕ್. ನಮ್ಮ ಸರದಿ ಹತ್ತು ದಿನಕ್ಕೆ 12 ಗಂಟೆ. ಅಂದರೆ 12 ಎಕರೆ-ಇಂಚು. ಕಾಲುಭಾಗ ಹೊಲಗಾಲುವೆಯ ಬಿಲ, ಬಿರುಕು, ಒಡ್ಡಿನ ಸೋರಿಕೆಗೆ ಹೋಗುತ್ತದೆ. ಕೈಗೆ ಬಂದದ್ದು 9.

ಭತ್ತಕ್ಕೆ ಹತ್ತು ದಿನಕ್ಕೆ ಮೂರೂವರೆ ಇಂಚು ಬೇಕು. 9 ಇಂಚಿನಲ್ಲಿ ಎರಡೂವರೆ ಎಕರೆ, ಅದಕ್ಕಿಂತ ಒಂದು ಗುಂಟೆ ಜಾಸ್ತಿ ಇಲ್ಲ. ನಾವು 2023ರಲ್ಲಿ ನಾಟಿ ಮಾಡಿದ್ದು ನಾಲ್ಕು ಎಕರೆ! ಸರದಿ ತಪ್ಪದೆ ಬಂದಿದ್ದರೂ ಆ ಬೆಳೆ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಇದು ಗೊತ್ತಾದಾಗ ಎರಡು ದಿನ ಯಾರ ಜೊತೆಗೂ ಮಾತಾಡಲು ಮನಸ್ಸಾಗಲಿಲ್ಲ. ಅದೇ ನೀರನ್ನು ಹತ್ತಿಗೆ ಕಟ್ಟಿದರೆ ಇಪ್ಪತ್ತು ದಿನಕ್ಕೊಮ್ಮೆ ಮೂರು ಇಂಚು ಸಾಕು. ಒಂದು ಸರದಿಗೆ ಮೂರು ಎಕರೆ, ಮುಂದಿನ ಸರದಿಗೆ ಇನ್ನು ಮೂರು, ಒಟ್ಟು ಆರು ಎಕರೆ ನಡೆಯುತ್ತದೆ.

ಅಳತೆಯನ್ನು ಒಂದೇ ದಿನ ಮಾಡಿ ಬಿಡಬೇಡಿ. ಸರದಿ ಶುರುವಾದಾಗ, ನಡುವೆ, ಕೊನೆಗೆ. ರಾತ್ರಿ ನೀರು ಹಗಲಿನ ನೀರಿಗಿಂತ ಬೇರೆ ಇರುತ್ತದೆ. ನಮ್ಮಲ್ಲಿ ಬೆಳಗಿನ ಜಾವ ಜಾಸ್ತಿ, ಹತ್ತು ಗಂಟೆ ಮೇಲೆ ಮೇಲಿನವರ ಪಂಪ್‌ಸೆಟ್ ಶುರುವಾಗಿ ಅರ್ಧಕ್ಕೆ ಇಳಿಯುತ್ತದೆ.

ಕೊನೆಯಿಂದ ಹಿಂದಕ್ಕೆ ಎಣಿಸಿ

ನೀರು ನಿಲ್ಲುವ ದಿನದಿಂದ ಹಿಂದಕ್ಕೆ ಎಣಿಸಿ ತಳಿ ಆರಿಸಬೇಕು. ಉದಾಹರಣೆಗೆ ನವೆಂಬರ್ 30ಕ್ಕೆ ನೀರು ನಿಲ್ಲುತ್ತದೆ ಅಂದುಕೊಳ್ಳಿ. ಹದಿನೈದು ದಿನ ಕಳೆಯಿರಿ, ನಿಮಗೆ ಗಟ್ಟಿಯಾಗಿ ಸಿಗುವುದು ನವೆಂಬರ್ 15ರವರೆಗೆ. ಜುಲೈ 20ಕ್ಕೆ ಸಸಿ ಮಡಿ ಹಾಕಿದರೆ 125 ದಿನದ ಆರ್‌ಎನ್‌ಆರ್ ತಳಿ ನವೆಂಬರ್ 22ಕ್ಕೆ ಕೊಯ್ಲಿಗೆ ಬರುತ್ತದೆ. ಕೊಯ್ಲಿಗೆ ಹನ್ನೆರಡು ದಿನ ಮುಂಚೆ ನೀರು ಕಟ್ಟುವುದು ನಿಲ್ಲಿಸಬೇಕು, ಅಂದರೆ ನವೆಂಬರ್ 10. ಸರಿಹೋಯಿತು. ಅದೇ ದಿನ 150 ದಿನದ ಸೋನಾ ಮಸೂರಿ ಹಾಕಿದರೆ ಕೊಯ್ಲು ಡಿಸೆಂಬರ್ 17, ನೀರು ಬೇಕಾಗುವುದು ಡಿಸೆಂಬರ್ 5ರವರೆಗೆ. ಇಪ್ಪತ್ತು ದಿನ ಕೊರತೆ. ಆ ಇಪ್ಪತ್ತು ದಿನ ಕಾಳು ತುಂಬುವ ದಿನಗಳು. ಸೋನಾಗೆ ಚೀಲಕ್ಕೆ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅನ್ನುವ ಆಸೆಗೆ ಕಾಳೇ ಕಟ್ಟದ ಬೆಳೆ ನಿಲ್ಲಿಸಿಕೊಳ್ಳಬೇಡಿ.

ಆಗಸ್ಟ್ 15 ದಾಟಿದರೂ ತೂಬಿಗೆ ನೀರು ಬರಲಿಲ್ಲ ಅಂದರೆ ಭತ್ತದ ಆಸೆ ಬಿಡಿ ಅನ್ನುವುದು ನನ್ನ ನಿಲುವು. ಸಸಿ ಬಲಿತುಹೋಗಿರುತ್ತದೆ, ಬಲಿತ ಸಸಿ ನೆಟ್ಟರೆ ತೆಂಡೆ ಒಡೆಯುವುದಿಲ್ಲ. ಹೊಲವನ್ನು ಹಾಗೇ ಹರಗಿ ಬಿಟ್ಟು, ಮಳೆಯ ಹಸಿ ಹಿಡಿದಿಟ್ಟು, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಿ. ನಮ್ಮ ಎರೆ ಭೂಮಿ ಹಸಿ ಹಿಡಿಯುವ ಭೂಮಿ. ಅಜ್ಜಂದಿರು ಕಾಲುವೆ ಬರುವುದಕ್ಕೆ ಮುಂಚೆ ಬರೀ ಹಸಿಯ ಮೇಲೇ ಬಿಳಿ ಜೋಳ ತೆಗೆಯುತ್ತಿದ್ದರು. ಅದಕ್ಕೆ ಒಂದೋ ಎರಡೋ ಸಲ ಕಾಲುವೆ ನೀರು ಸಿಕ್ಕಿದರೆ ಅದೇ ಹಬ್ಬ.

ದುಡ್ಡಿನ ಲೆಕ್ಕ: ಎಕರೆಗಲ್ಲ, ಇಂಚಿಗೆ

ಎಲ್ಲರೂ ಎಕರೆಗೆ ಎಷ್ಟು ಉಳಿಯಿತು ಅಂತ ಕೇಳುತ್ತಾರೆ. ನೀರು ಧಾರಾಳ ಇದ್ದು ಭೂಮಿ ಕಡಿಮೆ ಇದ್ದರೆ ಅದು ಸರಿ. ಕೊನೆ ಭಾಗದಲ್ಲಿ ಭೂಮಿ ಇದೆ, ನೀರಿಲ್ಲ. ಹಾಗಾಗಿ ಒಂದು ಇಂಚು ನೀರಿಗೆ ಎಷ್ಟು ಉಳಿಯಿತು ಅಂತ ಕೇಳಬೇಕು.

ನಮ್ಮ ಮನೆಯ ಪುಸ್ತಕದಲ್ಲಿರುವ ಅಂಕಿ ಇವು, ನಿಮ್ಮದು ಬೇರೆ ಇರಬಹುದು, ನಿಮ್ಮದನ್ನೇ ಹಾಕಿಕೊಳ್ಳಿ. ಭತ್ತ ಎಕರೆಗೆ 75 ಕಿಲೋದ 30 ಚೀಲ, ಚೀಲಕ್ಕೆ 1,600 ರೂಪಾಯಿ ಸಿಕ್ಕರೆ 48,000. ಹುಲ್ಲಿಗೆ 2,000. ಉಳುಮೆ, ರೊಳ್ಳಿ (ಕೆಸರು ಮಾಡುವುದು), ಸಸಿ, ನಾಟಿ ಕೂಲಿ, ಗೊಬ್ಬರ, ಕೀಟದ ಎಣ್ಣೆ, ಕೊಯ್ಲು ಮಿಷಿನ್ ಎಲ್ಲ ಸೇರಿ ಖರ್ಚು 35,000. ಉಳಿದದ್ದು 15,000. ಕಾಲುವೆಯಿಂದ ತೆಗೆದುಕೊಂಡ ನೀರು, ಮಳೆ ಬಿಟ್ಟು, 36 ಇಂಚು. ಇಂಚಿಗೆ ಹತ್ತಿರ ಹತ್ತಿರ 415 ರೂಪಾಯಿ. ಕಡಲೆ ಎಕರೆಗೆ 5 ಕ್ವಿಂಟಲ್, 5,000ದ ಹಾಗೆ 25,000. ಖರ್ಚು 13,000. ಉಳಿದದ್ದು 12,000. ನೀರು ಎರಡು ಸಲ, ಒಟ್ಟು 6 ಇಂಚು. ಇಂಚಿಗೆ 2,000!

ಎಕರೆ ಲೆಕ್ಕದಲ್ಲಿ ಭತ್ತ ಮುಂದೆ. ಇಂಚಿನ ಲೆಕ್ಕದಲ್ಲಿ ಕಡಲೆ ಐದು ಪಟ್ಟು ಮುಂದೆ. ಭತ್ತದ ಒಂದು ಎಕರೆ ನೀರಿನಲ್ಲಿ ಆರು ಎಕರೆ ಕಡಲೆಗೆ ನೀರು ಕಟ್ಟಬಹುದು. ಹಾಗಂತ ಪೂರ್ತಿ ಕಡಲೆ ಹಾಕಿ ಅನ್ನುತ್ತಿಲ್ಲ. ಸಿಡಿ ರೋಗ ಬಂದರೆ ಕಡಲೆ ಒಂದೇ ವಾರದಲ್ಲಿ ಒಣಗುತ್ತದೆ, ಬೆಲೆಯೂ ಬೀಳುತ್ತದೆ. ದನ ಇದ್ದವರಿಗೆ ಜೋಳದ ಕಣಿಕೆಯೇ ದೊಡ್ಡ ಆಸ್ತಿ. ಮನೆಗೆ ಅಕ್ಕಿಯೂ ಬೇಕು. ನಾವು ಈಗ ಎಂಟು ಎಕರೆಯಲ್ಲಿ ಎರಡು ಎಕರೆ ಭತ್ತ, ಮೂರು ಎಕರೆ ಹತ್ತಿ, ಮೂರು ಎಕರೆ ಹಿಂಗಾರಿ ಜೋಳ ಮತ್ತು ಕಡಲೆ ಮಾಡುತ್ತೇವೆ. ಭತ್ತವನ್ನು ತೂಬಿಗೆ ಅತಿ ಹತ್ತಿರದ ಮಡಿಗಳಲ್ಲೇ ಹಾಕುತ್ತೇವೆ, ಹೊಲದ ಕೊನೆಯಲ್ಲಿ ಅಲ್ಲ.

ಬೆಂಬಲ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವಾಗ ಎಚ್ಚರ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ, ಅಂದರೆ 75 ಕಿಲೋ ಚೀಲಕ್ಕೆ ಸುಮಾರು 1,777. ಹೈಬ್ರಿಡ್ ಜೋಳಕ್ಕೆ 3,699, ಮಾಲ್ದಂಡಿಗೆ 3,749. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರರು ಮನೆ ಬಾಗಿಲಲ್ಲಿ ಇರುತ್ತಾರೆ. ಕಣದಲ್ಲೇ ಕೊಟ್ಟುಬಿಡುತ್ತೇವೆ. ಅದಕ್ಕೇ ಲೆಕ್ಕವನ್ನು ಹೋದ ವರ್ಷ ಕೈಗೆ ಬಂದ ಬೆಲೆಯ ಮೇಲೆ ಹಾಕಿ, ಬೆಂಬಲ ಬೆಲೆ ಸಿಕ್ಕಿದರೆ ಅದು ಮೇಲಿನ ಲಾಭ. ನೋಂದಣಿಯನ್ನು ಮಾತ್ರ ತಪ್ಪಿಸಬೇಡಿ, ಎಫ್‌ಐಡಿಯಲ್ಲಿ (ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ) ನಿಮ್ಮ ಎಲ್ಲ ಸರ್ವೆ ನಂಬರ್ ಸೇರಿದೆಯಾ ಅಂತ ಬಿತ್ತನೆಗೆ ಮುಂಚೆಯೇ ನೋಡಿಕೊಳ್ಳಿ.

ಲೀಸ್ ಹಿಡಿಯುವವರಿಗೆ ಒಂದು ಮಾತು. ನನ್ನ ಲೆಕ್ಕದ 15,000 ಸ್ವಂತ ಹೊಲದ್ದು. ಎಕರೆಗೆ ಅಷ್ಟೇ ಲೀಸ್ ಕೊಟ್ಟರೆ ಉಳಿಯುವುದು ಸೊನ್ನೆ. ಮಾತಾಡುವಾಗಲೇ ನೀರಿನ ಷರತ್ತು ಹಾಕಿಸಿ: ಕಾಲುವೆ ನೀರು ಇಷ್ಟು ಸರದಿಗಿಂತ ಕಡಿಮೆ ಬಂದರೆ ಲೀಸ್ ಅರ್ಧ, ಎರಡನೇ ಬೆಳೆಗೆ ನೀರು ಬರದಿದ್ದರೆ ಎರಡನೇ ಬೆಳೆಯ ಹಣ ಇಲ್ಲ. ಹಿರಿಯರ ಎದುರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ಒಪ್ಪುತ್ತಾರೆ. ಹೊಲ ಬೀಳು ಬೀಳುವುದು ಅವರಿಗೂ ಬೇಡ.

ಸಾಲ ಬೇಕಾದರೆ ಮೊದಲು ಸೊಸೈಟಿ. ಸಹಕಾರ ಸಂಘದಲ್ಲಿ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲ, ಹೊತ್ತಿಗೆ ಕಟ್ಟಿದರೆ. ಗೊಬ್ಬರ ಅಂಗಡಿಯ ಉದ್ದರಿ ಸುಲಭ, ಆದರೆ ಮಾಲು ಅವರಿಗೇ ಹಾಕಬೇಕು, ಅವರು ಹೇಳಿದ ಬೆಲೆಗೆ. ಬೆಳೆ ವಿಮೆಯನ್ನು ಕಡೆಯ ದಿನದವರೆಗೆ ಕಾಯಬೇಡಿ. ಮುಂಗಾರಿಗೆ ವಿಮೆ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ವಿಮೆಯಲ್ಲಿ ಬರೆಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಇರಬೇಕು. ಭತ್ತ ಅಂತ ವಿಮೆ ಕಟ್ಟಿ ನೀರು ಬಾರದೆ ಜೋಳ ಬಿತ್ತಿದರೆ ವಿಮೆ ಬರುವುದಿಲ್ಲ. ಸಮೀಕ್ಷೆಯ ಫೋಟೋವನ್ನು ಮೊಬೈಲ್‌ನಲ್ಲಿ ನೀವೇ ತೆಗೆಯಬಹುದು, ತೆಗೆಯಿರಿ.

ಇದ್ದ ನೀರನ್ನು ಹಿಗ್ಗಿಸುವುದು

ಭತ್ತ ಬೇಕೇ ಬೇಕು ಅನ್ನುವವರು ಕೂರಿಗೆ ಭತ್ತ ನೋಡಿ. ಜೂನ್ ಕೊನೆ, ಜುಲೈ ಮೊದಲಲ್ಲಿ ಮಳೆ ಹಸಿಯ ಮೇಲೆ ಕೂರಿಗೆಯಲ್ಲಿ ಎಕರೆಗೆ ಎಂಟು ಹತ್ತು ಕಿಲೋ ಬೀಜ ಬಿತ್ತುವುದು. ಸಸಿ ಮಡಿ ಇಲ್ಲ, ರೊಳ್ಳಿ ಇಲ್ಲ, ನಾಟಿ ಕೂಲಿ ಇಲ್ಲ. ನಾಟಿ ಭತ್ತಕ್ಕೆ ಕೆಸರು ಮಾಡಲೇ ಏಳೆಂಟು ಇಂಚು ನೀರು ಹೋಗುತ್ತದೆ, ಅದು ಉಳಿಯಿತು. ಒಟ್ಟು ನೀರಿನಲ್ಲಿ ಕಾಲುಭಾಗ ಉಳಿತಾಯ ನಮ್ಮ ಹೊಲದಲ್ಲಿ ಕಂಡಿದ್ದೇವೆ. ಇದರ ಶತ್ರು ಕಳೆ. ಬಿತ್ತಿದ ಮೂರು ದಿನದ ಒಳಗೆ, ಮಣ್ಣಲ್ಲಿ ಹಸಿ ಇರುವಾಗಲೇ, ಪೆಂಡಿಮೆಥಾಲಿನ್ ಕಳೆನಾಶಕ ಹೊಡೆಯಬೇಕು. ಒಣ ಮಣ್ಣಿಗೆ ಹೊಡೆದರೆ ದುಡ್ಡು ದಂಡ. ಇಪ್ಪತ್ತು ದಿನದ ಹೊತ್ತಿಗೆ ಮತ್ತೆ ಎದ್ದ ಕಳೆಗೆ ಬಿಸ್ಪೈರಿಬ್ಯಾಕ್. ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮೊದಲ ವರ್ಷ ಒಂದೇ ಎಕರೆ ಮಾಡಿ.

ನಾಟಿ ಮಾಡಿದವರಿಗೆ ಪೈಪಿನ ಉಪಾಯ ಇದೆ. ನಾಲ್ಕು ಇಂಚಿನ ಪಿವಿಸಿ ಪೈಪ್ ಒಂದು ಅಡಿ ತುಂಡು ಮಾಡಿ. ಕೆಳಗಿನ ಎಂಟು ಇಂಚಿಗೆ ಸುತ್ತಲೂ ತೂತು ಹಾಕಿ. ಆ ಎಂಟು ಇಂಚು ಮಣ್ಣೊಳಗೆ ಹೋಗುವ ಹಾಗೆ ಮಡಿಯಲ್ಲಿ ನೆಟ್ಟು, ಪೈಪಿನೊಳಗಿನ ಮಣ್ಣನ್ನು ಕೈಯಿಂದ ತೆಗೆಯಿರಿ. ಈಗ ಮಣ್ಣಿನ ಒಳಗೆ ನೀರು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಮಡಿ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗೆ ನೀರು ಇರುತ್ತದೆ. ನೆಲದಿಂದ ಆರು ಇಂಚು ಕೆಳಗೆ ಇಳಿಯುವವರೆಗೆ ಬೆಳೆಗೆ ತೊಂದರೆ ಇಲ್ಲ, ಆಮೇಲೆ ನೀರು ಕಟ್ಟಿ. ನಾಟಿಯ ಮೊದಲ ಮೂರು ವಾರ ಹೀಗೆ ಮಾಡಬೇಡಿ, ಹೊಡೆ ಬಿಚ್ಚುವಾಗ ಮಾಡಲೇಬೇಡಿ. ಎರೆ ಮಣ್ಣಿನಲ್ಲಿ ಇನ್ನೊಂದು ಎಚ್ಚರ: ಕೂದಲಿನಷ್ಟು ಬಿರುಕು ಕಂಡ ದಿನವೇ ನೀರು ಬಿಡಿ, ಪೈಪ್ ಏನೇ ಹೇಳಲಿ. ಬಿರುಕು ಒಮ್ಮೆ ಬಾಯಿ ತೆರೆದರೆ ಮುಂದಿನ ಸರದಿಯ ಅರ್ಧ ನೀರು ಪಾತಾಳಕ್ಕೆ ಹೋಗುತ್ತದೆ. ಸವಳು ಇರುವ ಮಡಿಯಲ್ಲಿ ಈ ಪದ್ಧತಿ ಬೇಡವೇ ಬೇಡ, ಒಣಗಿದರೆ ಉಪ್ಪು ಮೇಲೆ ಬರುತ್ತದೆ.

ಹೊಲಗಾಲುವೆ ಕೆತ್ತುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನೀರು ಬಿಡುವ ಹತ್ತು ದಿನ ಮುಂಚೆ ತೂಬಿನ ಕೆಳಗಿನ ಎಲ್ಲರೂ ಸೇರಿ ಒಂದು ದಿನ ಹುಲ್ಲು, ಜೇಕು ಕಿತ್ತು, ಇಲಿ ಬಿಲಕ್ಕೆ ಎರೆ ಮಣ್ಣು ಮೆತ್ತಿ. ನಾವು ಹನ್ನೊಂದು ಮನೆಯವರು ಮಾಡಿದ ವರ್ಷ ಕೊನೆಯ ಹೊಲಕ್ಕೆ ನೀರು ಹೋಗುವ ಹೊತ್ತು ಮೂರು ತಾಸಿನಿಂದ ಒಂದೂವರೆ ತಾಸಿಗೆ ಇಳಿಯಿತು. ಸರದಿಯನ್ನು ಅವತ್ತೇ ಬರೆದು ಗುಡಿ ಗೋಡೆಗೆ ಅಂಟಿಸಿದೆವು, ಯಾರಿಗೆ ಯಾವ ವಾರ ಎಷ್ಟರಿಂದ ಎಷ್ಟರವರೆಗೆ ಅಂತ. ರಾತ್ರಿ ಸರದಿ ಒಬ್ಬರಿಗೇ ಬೀಳದ ಹಾಗೆ ವಾರ ವಾರ ಬದಲು. ಗಂಡಸರಿಲ್ಲದ ಮನೆಗೆ ಹಗಲು ಸರದಿ ಕೊಡುವುದು ಅಂತ ಎಲ್ಲರೂ ಒಪ್ಪಿದರು. ನೀರು ಬಳಕೆದಾರರ ಸಹಕಾರ ಸಂಘ ನಿಮ್ಮಲ್ಲಿ ಹೆಸರಿಗೆ ಮಾತ್ರ ಇದ್ದರೂ ಅದರ ಲೆಟರ್‌ಹೆಡ್ ಬಳಸಿ, ಹತ್ತು ಸಹಿಯ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಕಾಲುವೆಗೆ ಅಕ್ರಮವಾಗಿ ಪಂಪ್ ಹಾಕುವುದರ ಮೇಲೆ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸಿದ್ದಾರೆ. ದೂರು ಕೊಡುವಾಗ ಮೈಲ್ ನಂಬರ್, ದಿನಾಂಕ, ಫೋಟೋ ಇರಲಿ. ನೀವೇ ಹೋಗಿ ಪೈಪ್ ಕಿತ್ತು ಜಗಳಕ್ಕೆ ಇಳಿಯಬೇಡಿ, ಅದರಿಂದ ಕೇಸು ನಿಮ್ಮ ಮೇಲೆ ಬರುತ್ತದೆ.

ಸವಳು ಕಂಡರೆ

ನೀರು ಕಡಿಮೆಯ ಜಾಗದಲ್ಲಿ ಸವಳಿನ ಮಾತೇಕೆ ಅನ್ನಿಸಬಹುದು. ಮೇಲಿನ ಹೊಲದ ಬಸಿ ನೀರು ತಗ್ಗಿನ ಹೊಲಕ್ಕೆ ಬಂದು ನಿಲ್ಲುತ್ತದೆ, ಬೇಸಿಗೆಯಲ್ಲಿ ಆರಿ ಉಪ್ಪು ಬಿಡುತ್ತದೆ. ಮಾರ್ಚ್ ಬೆಳಗ್ಗೆ ಹೊಲದಲ್ಲಿ ನಡೆದು ನೋಡಿ. ಸುಣ್ಣ ಚೆಲ್ಲಿದ ಹಾಗೆ ಬಿಳಿ ಕಂಡರೆ, ಕಾಲಿಟ್ಟಾಗ ಮಣ್ಣು ಹಿಟ್ಟಿನ ಹಾಗೆ ಉಬ್ಬಿ ಕುಸಿದರೆ, ಅದು ಶುರುವಾಗಿದೆ. ಮೊದಲ ಕೆಲಸ ಬಸಿಗಾಲುವೆ. ಹೊಲದ ತಗ್ಗಿನ ಅಂಚಿಗೆ ಮೂರು ನಾಲ್ಕು ಅಡಿ ಆಳ ತೆಗೆದು ಹಳ್ಳಕ್ಕೆ ಸೇರಿಸಿ. ಆ ನೀರನ್ನು ಉಪ್ಪು ಪರೀಕ್ಷೆ ಮಾಡಿಸದೆ ಮತ್ತೆ ಎತ್ತಿ ಹೊಲಕ್ಕೆ ಕಟ್ಟಬೇಡಿ. ಜಿಪ್ಸಂ ಎಲ್ಲ ಸವಳಿಗೂ ಮದ್ದಲ್ಲ, ಕ್ಷಾರದ ಮಣ್ಣಿಗೆ ಮಾತ್ರ. ಯಾವುದು ಅಂತ ಮಣ್ಣು ಪರೀಕ್ಷೆಯಲ್ಲೇ ಗೊತ್ತಾಗಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಮಣ್ಣಿನ ಮೇಲೆಯೇ ವರ್ಷಗಟ್ಟಲೆ ಕೆಲಸ ನಡೆದಿದೆ, ಮಣ್ಣಿನ ಚೀಲ ಹಿಡಿದು ಹೋದರೆ ಬಿಡಿಸಿ ಹೇಳುತ್ತಾರೆ. ಮಣ್ಣನ್ನು ಬಿಳಿ ಕಂಡ ಜಾಗದಿಂದ ಬೇರೆ, ಚೆನ್ನಾಗಿರುವ ಜಾಗದಿಂದ ಬೇರೆ ತೆಗೆಯಿರಿ, ಒಂದೇ ಚೀಲದಲ್ಲಿ ಬೆರೆಸಿದರೆ ಯಾವ ಜಾಗದ ಉತ್ತರವೂ ಸಿಗುವುದಿಲ್ಲ.

ಈ ಎಲ್ಲದಕ್ಕೂ ನೂರು ಪುಟದ ಒಂದು ನೋಟ್‌ಬುಕ್ ಸಾಕು. ನಮ್ಮದರಲ್ಲಿ ಐದು ಗೆರೆ ಎಳೆದಿದ್ದೇವೆ: ದಿನಾಂಕ, ಮೈಲ್ 104ರ ಗೇಜ್, ನಮ್ಮ ತೂಬಿನಲ್ಲಿ ದಂಟು ಓಡಿದ ಸೆಕೆಂಡ್, ನೀರು ಬಂದ ಗಂಟೆ, ಯಾವ ಮಡಿಗೆ ಹೋಯಿತು. ರಾತ್ರಿ ಸರದಿ ಮುಗಿಸಿ ಬಂದು ಬರೆಯಲು ಬೇಸರ ಆಗುತ್ತದೆ. ನಮ್ಮ ಮನೆಯಲ್ಲಿ ಮಗಳು ಬರೆಯುತ್ತಾಳೆ, ಬೆಳಗ್ಗೆ ಚಹಾ ಕುಡಿಯುವಾಗ ನಾನು ಹೇಳುತ್ತಾ ಹೋಗುತ್ತೇನೆ. ಈ ಜುಲೈಗೆ ಮೂರು ವರ್ಷದ ಅಂಕಿ ಆಗುತ್ತದೆ.